ಸೆಪ್ಟೆಂಬರಿನಲ್ಲಿ ಕೆರಿಬಿಯನ್ ದ್ವೀಪಕ್ಕೆ ಹೋಗಬಹುದೇ? ಅನುಭವಸ್ಥರು ದಯವಿಟ್ಟು ತಿಳಿಸಿ

ಪೆರ್ಲದ ಗೃಹಿಣಿ:
ಎಲ್ಲರಿಗೂ ನಮಸ್ಕಾರ. ನಾವು ಪೆರ್ಲದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವರು. ಮಗಳೂ ಅಳಿಯನೂ ಅಮೆರಿಕದ ಅಟ್ಲಾಂಟಾದಲ್ಲಿದ್ದಾರೆ. ತೋಟಕ್ಕೆ ಎರಡನೆಯ ಸಲ ಮದ್ದು ಬಿಟ್ಟಾದ ಮೇಲೆ, ಜುಲೈ ಕೊನೆಗೆ ನಾವಿಬ್ಬರೂ ಅಲ್ಲಿಗೆ ಹೊರಟು ಅಕ್ಟೋಬರ್ ಮೊದಲ ವಾರದಲ್ಲಿ ಊರಿಗೆ ಮರಳುವುದೆಂದು ಟಿಕೆಟ್ ಆಗಿದೆ. ಈಗ ಮಗಳು ಇನ್ನೊಂದು ಯೋಚನೆ ಮಾಡಿದ್ದಾಳೆ. ಸೆಪ್ಟೆಂಬರ್ 14ರಿಂದ 20ರವರೆಗೆ ನಮ್ಮನ್ನು ಪ್ಯೂರ್ಟೊ ರಿಕೊ ದ್ವೀಪಕ್ಕೆ ಕರೆದುಕೊಂಡು ಹೋಗಬೇಕೆಂಬುದು ಅವಳ ಆಸೆ. ಅದು ಅಮೆರಿಕದ ಆಡಳಿತಕ್ಕೇ ಸೇರಿದ ದ್ವೀಪವಾದ್ದರಿಂದ ಬೇರೆ ವೀಸಾ ಬೇಡ, ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ, ಅದೂ ಅಲ್ಲದೆ ಆ ತಿಂಗಳಲ್ಲಿ ಕೋಣೆಯ ಬಾಡಿಗೆ ಚಳಿಗಾಲದ ಅರ್ಧದಷ್ಟೂ ಇಲ್ಲ ಎಂದು ಹೇಳುತ್ತಾಳೆ.

ಬಾಡಿಗೆ ಅಷ್ಟು ಕಡಿಮೆ ಏಕೆ ಎಂದು ಕೇಳಿದ್ದಕ್ಕೆ, ‘ಅದು ಹರಿಕೇನ್ ಸೀಸನ್ ಅಮ್ಮಾ, ಆದರೆ ಪ್ರತಿ ವರ್ಷ ಅಲ್ಲಿಗೇ ಬರುವುದಿಲ್ಲ’ ಎಂದಳು. ಆ ಮಾತು ಕೇಳಿದಂದಿನಿಂದ ನನಗೆ ಸಮಾಧಾನವಿಲ್ಲ. ನಮ್ಮವರಿಗೆ 64 ವರ್ಷ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಕುಂಬಳೆಯ ಕಡಲ ಕರೆಯಲ್ಲಿ ನಿಂತು ನೀರು ಮುಟ್ಟಿದ್ದು ಬಿಟ್ಟರೆ ಸಮುದ್ರದ ನಡುವಿನ ಒಂದು ನೆಲವನ್ನು ಅವರು ಕಂಡವರಲ್ಲ. ನೋಡಬೇಕೆಂಬ ಆಸೆ ಅವರಿಗೂ ಇದೆ. ನಾನು ಬೇಡವೆಂದರೆ ಇಬ್ಬರ ಮನಸ್ಸೂ ನೋಯುತ್ತದೆ, ಹೂಂ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಇದು ಹೆಂಗಸಿನ ಬರಿಯ ಹೆದರಿಕೆಯೋ, ಅಥವಾ ಹೆದರಲು ತಕ್ಕ ಕಾರಣ ಇದೆಯೋ, ಗೊತ್ತಿದ್ದವರು ಹೇಳಬೇಕು.

ಕುಂಬಳೆಯ ನಿವೃತ್ತ ನಾವಿಕ:
ಅಕ್ಕ, ಕಾರಣ ಇದೆ. ನಾನು ಸರಕು ಹಡಗುಗಳಲ್ಲಿ 27 ವರ್ಷ ದುಡಿದವನು, ಅಟ್ಲಾಂಟಿಕ್ ದಾರಿಯಲ್ಲಿ ಹಲವು ಸಲ ಹೋಗಿ ಬಂದಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಕಡಲಿನಲ್ಲಿ ಚಂಡಮಾರುತ ಅಥವಾ ಸೈಕ್ಲೋನ್ ಎಂದು ಕರೆಯುವುದನ್ನೇ ಅಟ್ಲಾಂಟಿಕ್‌ನಲ್ಲಿ ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ತಲುಪಿದ ಮೇಲೆ ಹರಿಕೇನ್ ಎನ್ನುತ್ತಾರೆ. ಆದರೆ ಕಾಲದ ಲೆಕ್ಕ ಎರಡು ಕಡೆ ಒಂದೇ ಅಲ್ಲ, ಊರಿನವರು ಎಡವುವುದು ಇಲ್ಲಿಯೇ. ನಮ್ಮ ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ನಡುವಿನ ತಿಂಗಳುಗಳಲ್ಲಿ, ಎಂದರೆ ಆಟಿಯ ಹೊತ್ತಿಗೆ, ಕಡಲು ಎಷ್ಟೇ ಅಬ್ಬರಿಸಿದರೂ ಚಂಡಮಾರುತ ಕಟ್ಟುವುದು ಅಪರೂಪ. ಕೆಳಗಿನ ಗಾಳಿ ಒಂದು ದಿಕ್ಕಿಗೂ ಮೇಲಿನ ಗಾಳಿ ಅದರ ವಿರುದ್ಧ ದಿಕ್ಕಿಗೂ ಬಲವಾಗಿ ಬೀಸುವುದರಿಂದ ಸುಳಿ ನೆಟ್ಟಗೆ ನಿಲ್ಲಲಾರದು. ಹಾಗಾಗಿ ಮಳೆಗಾಲದ ಎರಡು ಅಂಚುಗಳಲ್ಲಿ, ಏಪ್ರಿಲಿನಿಂದ ಜೂನ್‌ವರೆಗೆ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ನಮಗೆ ಚಂಡಮಾರುತದ ಭಯ. ಅಟ್ಲಾಂಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಒಂದೇ ಉದ್ದನೆಯ ಕಾಲ, ಅದರ ನೆತ್ತಿ ಸೆಪ್ಟೆಂಬರ್ 10ರ ಆಸುಪಾಸು. ಬೇಸಿಗೆಯೆಲ್ಲ ಕಾದ ಸಮುದ್ರ ಆಗ ಅತಿ ಬೆಚ್ಚಗಿರುತ್ತದೆ, ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಒಂದರ ಹಿಂದೆ ಒಂದಾಗಿ ಹೊರಡುವ ಗಾಳಿಯ ಅಲೆಗಳಲ್ಲಿ ಕೆಲವು ಆ ಶಾಖವನ್ನು ಉಂಡು ಬೆಳೆಯುತ್ತವೆ. 1991ರಿಂದ 2020ರವರೆಗಿನ ಸರಾಸರಿಯಂತೆ ಒಂದು ವರ್ಷದಲ್ಲಿ ಹೆಸರಿಡುವಷ್ಟು ಬಲದ ಬಿರುಗಾಳಿಗಳು 14. ಅವುಗಳಲ್ಲಿ 7 ಹರಿಕೇನ್ ಆಗುತ್ತವೆ, ಆ ಏಳರಲ್ಲಿ 3 ಘೋರ ರೂಪ ತಾಳುತ್ತವೆ.

ಇನ್ನು ಪ್ಯೂರ್ಟೊ ರಿಕೊದ ವಿಷಯ. ನಿಮ್ಮ ಮಗಳು ಆರಿಸಿದ ದಿನಾಂಕಗಳನ್ನು ನೋಡಿ ನಾನು ನಿಜವಾಗಿ ಬೆಚ್ಚಿದೆ. ಹ್ಯೂಗೊ ಎಂಬ ಹರಿಕೇನ್ ಆ ದ್ವೀಪಕ್ಕೆ ಬಡಿದದ್ದು 1989ರ ಸೆಪ್ಟೆಂಬರ್ 18ರಂದು. ಜಾರ್ಜಸ್ 1998ರ ಸೆಪ್ಟೆಂಬರ್ 21ರಂದು. ಮರಿಯಾ 2017ರ ಸೆಪ್ಟೆಂಬರ್ 20ರಂದು. ಫಿಯೋನಾ 2022ರ ಸೆಪ್ಟೆಂಬರ್ 18ರಂದು. ನಾಲ್ಕೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ನಡುವಿನ ಎಷ್ಟೋ ವರ್ಷಗಳಲ್ಲಿ ಅದೇ ವಾರ ಬಿಸಿಲು ಕಾದಿತ್ತು ಎಂಬುದೂ ನಿಜ. ಆ ಮಟ್ಟಿಗೆ ಮಗಳ ಮಾತು ಸುಳ್ಳಲ್ಲ. ಆದರೆ ವರ್ಷದ 52 ವಾರಗಳಲ್ಲಿ ಅದೇ ಒಂದನ್ನು ಆರಿಸಿಕೊಳ್ಳಬೇಕಾದ ಅಗತ್ಯವೇನು ಎಂದು ಅವಳನ್ನು ಪ್ರೀತಿಯಿಂದಲೇ ಕೇಳಿ.

ಉಪ್ಪಳದ ವಿದ್ಯಾರ್ಥಿ:
2024ರ ಟಿ20 ವಿಶ್ವಕಪ್ ಗೆದ್ದ ನಮ್ಮ ತಂಡ ಬಾರ್ಬಡೋಸಿನಲ್ಲಿ ಸಿಕ್ಕಿಹಾಕಿಕೊಂಡದ್ದು ಇಂಥದೇ ಹರಿಕೇನ್‌ನಿಂದ ಅಲ್ಲವೇ? ಫೈನಲ್ ಜೂನ್ 29ಕ್ಕೆ ಮುಗಿದಿತ್ತು, ಅವರು ದೆಹಲಿ ತಲುಪಿದ್ದು ಜುಲೈ 4ರ ಬೆಳಗ್ಗೆ. ಅಂದರೆ ಸೆಪ್ಟೆಂಬರ್ ತಪ್ಪಿಸಿದರೂ ಅಪಾಯ ತಪ್ಪಲಿಲ್ಲ.

ಕುಂಬಳೆಯ ನಿವೃತ್ತ ನಾವಿಕ:
ಹೌದು ತಮ್ಮಾ, ಅದು ಬೆರಿಲ್. ಅದರಲ್ಲಿ ಕಲಿಯಬೇಕಾದದ್ದು ಎರಡಿವೆ. ಮೊದಲನೆಯದು ವೇಗ. ಜೂನ್ 28ರಂದು ಅದು ಬರಿಯ ವಾಯುಭಾರ ಕುಸಿತವಾಗಿತ್ತು; ಜುಲೈ 1ರಂದು ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪಕ್ಕೆ ನಾಲ್ಕನೆಯ ದರ್ಜೆಯ ಹರಿಕೇನ್ ಆಗಿ (ಇರುವ ಐದು ದರ್ಜೆಗಳಲ್ಲಿ ಐದನೆಯದೇ ಅತಿ ಬಲದ್ದು) ಅಪ್ಪಳಿಸಿತು. ನಡುವೆ ಇದ್ದದ್ದು ಮೂರೇ ದಿನ. ಎರಡನೆಯದು, ಬಾರ್ಬಡೋಸಿಗೆ ಅದು ನೇರವಾಗಿ ಬಡಿಯಲಿಲ್ಲ, ದಕ್ಷಿಣಕ್ಕೆ ಹಾದುಹೋಯಿತು. ಹಾಗಿದ್ದರೂ ವಿಮಾನ ನಿಲ್ದಾಣ ಮುಚ್ಚಿತು. ವಿಶ್ವಕಪ್ ಗೆದ್ದವರನ್ನು ಕರೆತರಲು ವಿಶೇಷ ವಿಮಾನ ಹೋಗುತ್ತದೆ. ನಮ್ಮಂಥವರು ಸಾಲಿನಲ್ಲಿ ನಿಲ್ಲಬೇಕು.

ಸೆಪ್ಟೆಂಬರ್ ದಾಟಿದರೆ ಆಯಿತೆಂದೂ ಅಲ್ಲ. ಮೆಲಿಸ್ಸಾ ಜಮೈಕಾಕ್ಕೆ ಐದನೆಯ ದರ್ಜೆಯ ಬಲದಲ್ಲಿ ಬಡಿದದ್ದು 2025ರ ಅಕ್ಟೋಬರ್ 28ರಂದು.

ಮುಳ್ಳೇರಿಯದ ಇಂಜಿನಿಯರ್:
ನಾನು ಕೆರಿಬಿಯನ್ ಕಂಡವನಲ್ಲ, ಆದರೆ ದ್ವೀಪದಲ್ಲಿ ಸಿಕ್ಕಿಬೀಳುವುದು ಎಂದರೇನು ಎಂಬುದನ್ನು ಅನುಭವಿಸಿದ್ದೇನೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಅಪ್ಪ, ಅಮ್ಮ, ಹೆಂಡತಿಯೊಂದಿಗೆ ಅಂಡಮಾನಿನ ಹ್ಯಾವ್ಲಾಕ್‌ನಲ್ಲಿದ್ದೆ. ಮುಂದೆ ವರ್ದಾ ಎಂಬ ಹೆಸರಿನಲ್ಲಿ ಚೆನ್ನೈಗೆ ಬಡಿದ ಚಂಡಮಾರುತ ಆಗಿನ್ನೂ ಹೆಸರಿಲ್ಲದೆ ಅಂಡಮಾನಿನ ಹತ್ತಿರ ಕಟ್ಟುತ್ತಿತ್ತು. ಪೋರ್ಟ್ ಬ್ಲೇರ್‌ಗೆ ಹೋಗುವ ದೋಣಿಗಳು ನಿಂತವು. ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಉಳಿದರು, ಕೊನೆಗೆ ನೌಕಾಪಡೆಯ ಹಡಗುಗಳು ಬಂದು ಕರೆದೊಯ್ದವು.

ಆ ದಿನಗಳಲ್ಲಿ ನಮ್ಮನ್ನು ಹೆದರಿಸಿದ್ದು ಗಾಳಿಯಲ್ಲ, ಕಾಸು. 500 ಮತ್ತು 1000 ರೂಪಾಯಿಯ ನೋಟು ರದ್ದಾಗಿ ಇನ್ನೂ ಒಂದು ತಿಂಗಳಾಗಿತ್ತಷ್ಟೆ, ಕೈಯಲ್ಲಿ ಇದ್ದದ್ದು ಸ್ವಲ್ಪ. ಕರೆಂಟ್ ಹೋದ ಮೇಲೆ ಕಾರ್ಡಿಗೆ ಬೆಲೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಮ್ಮನ ಇನ್ಸುಲಿನ್ ಬಾಟಲಿ ಹೋಟೆಲಿನ ಫ್ರಿಜ್ಜಿನಲ್ಲಿತ್ತು. ಅಡುಗೆಯ ಹೆಂಗಸು, ಯಾರೂ ಕೇಳದೆಯೇ, ಒಂದು ಮಣ್ಣಿನ ಮಡಕೆಗೆ ನೀರು ಹೊಯ್ದು, ಬಾಟಲಿಯನ್ನು ಸ್ಟೀಲ್ ಲೋಟದಲ್ಲಿಟ್ಟು, ಲೋಟವನ್ನು ನೀರಿನಲ್ಲಿ ತೇಲುವಂತೆ ಇಳಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಆ ಮಡಕೆಯನ್ನು ಅಪ್ಪ ಹಗಲೂ ರಾತ್ರಿ ಮಂಚದ ಕೆಳಗೆ ಇಟ್ಟುಕೊಂಡು ಕಾದರು, ನಾಲ್ಕು ಗಂಟೆಗೊಮ್ಮೆ ಬಟ್ಟೆ ತೆಗೆದು ಮತ್ತೆ ಒದ್ದೆ ಮಾಡುತ್ತಿದ್ದರು. ಅಕ್ಕ, ನಿಮ್ಮ ಬರಹದಲ್ಲಿ ಇನ್ಸುಲಿನ್ ಎಂಬ ಶಬ್ದ ಕಂಡ ಕೂಡಲೇ ನನಗೆ ಆ ಮಡಕೆ ಕಣ್ಣ ಮುಂದೆ ಬಂತು.

ಮರಳುವ ವಿಮಾನ ತಪ್ಪಿತು. ಹೊಸ ಟಿಕೆಟಿಗೆ ಹಳೆಯದರ ಎರಡರಷ್ಟು ಕೊಟ್ಟೆವು. ಊರಿಗೆ ಬಂದ ಮೇಲೆ ನೆಂಟರೊಬ್ಬರು ‘ಒಳ್ಳೆಯ ಅನುಭವವಾಯಿತಲ್ಲ’ ಎಂದರು. ಅಮ್ಮ ಉತ್ತರಿಸಲಿಲ್ಲ.

ಪೆರ್ಲದ ಗೃಹಿಣಿ:
ನಿಮ್ಮ ಮಡಕೆಯ ಸಂಗತಿಯನ್ನು ನಾನು ಇವರಿಗೆ ಓದಿ ಹೇಳಿದೆ. ಅವರು ಸುಮ್ಮನೆ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು, ಎಷ್ಟು ಬಾಟಲಿ ಇದೆ ಎಂದು ಎಣಿಸಿ ಬಂದರು. ಔಷಧಿಯ ವಿಷಯ ತಿಳಿದವರು ಯಾರಾದರೂ ಇದ್ದಾರೆಯೇ?

ಮಸ್ಕತ್‌ನಲ್ಲಿರುವ ದಾದಿ:
ನಾನು ಬದಿಯಡ್ಕದವಳು, ಹದಿನಾರು ವರ್ಷಗಳಿಂದ ಇಲ್ಲಿ ದಾದಿಯಾಗಿದ್ದೇನೆ. ಒಮಾನಿಗೂ ಚಂಡಮಾರುತ ಹೊಸತಲ್ಲ. 2007ರ ಜೂನ್‌ನಲ್ಲಿ ಬಂದ ಗೋನುವಿನ ಕಥೆಯನ್ನು ಹಿರಿಯ ಸಹೋದ್ಯೋಗಿಗಳಿಂದ ಕೇಳಿದ್ದೆ, 2021ರ ಅಕ್ಟೋಬರ್ 3ರಂದು ಶಾಹೀನ್ ಬಾತಿನಾ ಕರಾವಳಿಗೆ ನುಗ್ಗಿದಾಗ ನಾನೇ ಕೆಲಸದ ಮೇಲಿದ್ದೆ. ಗಾಳಿ ನಿಂತ ಮರುದಿನದಿಂದ ಬಂದ ರೋಗಿಗಳಲ್ಲಿ ಪೆಟ್ಟಾದವರಿಗಿಂತ ಔಷಧಿ ತಪ್ಪಿದವರು ಹೆಚ್ಚಿದ್ದರು ಎಂಬುದು ನನ್ನ ನೆನಪು.

ಇದನ್ನು ಏಕೆ ಹೇಳುತ್ತೇನೆಂದರೆ, ಮರಿಯಾ ಚಂಡಮಾರುತದ ಕುರಿತು ನಮ್ಮ ತರಬೇತಿಯೊಂದರಲ್ಲಿ ಹೇಳಿಕೊಟ್ಟದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಮೊದಲು ಪ್ರಕಟವಾದ ಸಾವಿನ ಸಂಖ್ಯೆ ನೂರನ್ನೂ ದಾಟಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಪ್ಯೂರ್ಟೊ ರಿಕೊ ಸರಕಾರ ಒಪ್ಪಿಕೊಂಡ ಅಂದಾಜು 2,975. ಗಾಳಿಗೆ ಸತ್ತವರು ಇದರಲ್ಲಿ ಕಡಿಮೆ. ಕರೆಂಟ್ ಇಲ್ಲದೆ, ರಸ್ತೆ ಇಲ್ಲದೆ, ಡಯಾಲಿಸಿಸ್ ಇಲ್ಲದೆ, ಆಮ್ಲಜನಕದ ಯಂತ್ರ ನಿಂತು, ಫ್ರಿಜ್ಜಿನ ಔಷಧಿ ಹಾಳಾಗಿ ಮುಂದಿನ ವಾರಗಳಲ್ಲಿ ಮತ್ತು ತಿಂಗಳುಗಳಲ್ಲಿ ಹೋದವರು ಹೆಚ್ಚು. ಇಡೀ ದ್ವೀಪದ ವಿದ್ಯುತ್ ಜಾಲ ಬಿದ್ದಿತ್ತು, ಕೊನೆಯ ಮನೆಗಳಿಗೆ ಮತ್ತೆ ಬೆಳಕು ಬರಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಫಿಯೋನಾ ಅದಕ್ಕಿಂತ ಎಷ್ಟೋ ದುರ್ಬಲವಾಗಿತ್ತು, ಆದರೂ ಇಡೀ ದ್ವೀಪ ಮತ್ತೆ ಕತ್ತಲಾಯಿತು. ಆದ್ದರಿಂದ ಅಲ್ಲಿಗೆ ಹೋಗುವ ಮಧುಮೇಹಿಗೆ ಗಾಳಿಯ ದರ್ಜೆಗಿಂತ ಕರೆಂಟಿನ ಲೆಕ್ಕವೇ ಮುಖ್ಯ.

ಇನ್ಸುಲಿನ್‌ನ ವಿಷಯ ಹೀಗಿದೆ. ತೆರೆಯದ ಬಾಟಲಿ ಅಥವಾ ಪೆನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಳಸಲು ತೊಡಗಿದ್ದು 30 ಡಿಗ್ರಿ ಮೀರದ ಕೋಣೆಯ ಶಾಖದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ಬೇರೆ ಬೇರೆ ಇನ್ಸುಲಿನ್‌ಗೆ ಅವಧಿ ಬೇರೆ ಇರುವುದರಿಂದ ಪೊಟ್ಟಣದ ಚೀಟಿ ಓದಿ, ವೈದ್ಯರಲ್ಲಿಯೂ ಕೇಳಿಕೊಳ್ಳಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಉಪಯೋಗಕ್ಕಿಲ್ಲ. ಬೇಕಾದದ್ದರ ಎರಡರಷ್ಟು ಒಯ್ಯಿರಿ, ಅರ್ಧ ನಿಮ್ಮ ಕೈಚೀಲದಲ್ಲಿ, ಅರ್ಧ ಮಗಳ ಕೈಚೀಲದಲ್ಲಿ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಸೂಜಿ, ಸಕ್ಕರೆ ನೋಡುವ ಪಟ್ಟಿ, ಯಂತ್ರದ ಬಿಡಿ ಸೆಲ್ ಜೊತೆಗಿರಲಿ. ವೈದ್ಯರ ಚೀಟಿಯಲ್ಲಿ ಇಲ್ಲಿನ ಕಂಪನಿ ಇಟ್ಟ ಹೆಸರಲ್ಲದೆ ಔಷಧಿಯ ಮೂಲ ಹೆಸರೂ ಇರಬೇಕು, ಇಲ್ಲವಾದರೆ ಅಲ್ಲಿನ ಅಂಗಡಿಯವರಿಗೆ ಅರ್ಥವಾಗುವುದಿಲ್ಲ. ಊಟ ಹೊತ್ತಿಗೆ ಸಿಗದಿದ್ದಾಗ ಸಕ್ಕರೆ ಇಳಿಯುವ ಅಪಾಯವೇ ಮೊದಲು ಬರುವುದು. ಹಾಗಾಗಿ ಅಣ್ಣನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ ಇರಲಿ.

ಮುಸೋಡಿ ಕಡಪುರದವ:
ನಾನು ಕಡಲ ಕರೆಯಲ್ಲಿ ಹುಟ್ಟಿ ಬೆಳೆದವನು. ಮೇಲಿನ ಬರಹಗಳನ್ನೆಲ್ಲ ಗೌರವದಿಂದ ಓದಿದೆ, ಆದರೂ ಒಂದು ಮಾತು ಹೇಳದೆ ಇರಲಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಲಕ್ಷದ್ವೀಪದ ಹತ್ತಿರ ಹುಟ್ಟಿ ಗುಜರಾತಿನ ಕಡೆಗೆ ಹೋಯಿತು. ಅದು ನಮ್ಮ ನೆಲಕ್ಕೆ ಕಾಲಿಡಲೇ ಇಲ್ಲ, ದೂರದ ಕಡಲಿನಲ್ಲಿ ಬಡಗು ದಿಕ್ಕಿಗೆ ಹಾದುಹೋಯಿತಷ್ಟೆ. ಅಷ್ಟಕ್ಕೇ ನಮ್ಮ ಮುಸೋಡಿಯಲ್ಲಿ ಎರಡು ಮಾಳಿಗೆಯ ಕಟ್ಟಡವೊಂದು ಕಡಲಿಗೆ ಕುಸಿಯಿತು. ಆ ವಿಡಿಯೋವನ್ನು ನೀವೆಲ್ಲ ಫೋನಿನಲ್ಲಿ ನೋಡಿದ್ದೀರಿ. ಹತ್ತಿರ ನಿಂತು ನೋಡಿದವರಿಗೆ ಗೊತ್ತು, ಮೊದಲು ಬೀಳುವುದು ಗೋಡೆಯಲ್ಲ. ಅಡಿಪಾಯದ ಕೆಳಗಿನ ಹೊಯಿಗೆ ಅಲೆಯೊಂದಕ್ಕೆ ಒಂದು ಬುಟ್ಟಿಯಷ್ಟು ಜಾರುತ್ತದೆ, ಮನೆ ಸುಮಾರು ಹೊತ್ತು ಏನೂ ಆಗದಂತೆ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಮಂಡಿಯೂರುತ್ತದೆ.

ಗಾಳಿ, ಮಳೆ ಯಾವುದೂ ಇಲ್ಲದ ದಿನವೂ ಕಡಲು ಏರುವುದುಂಟು. ಅದನ್ನು ನಮ್ಮ ಕರಾವಳಿಯವರು ಕಳ್ಳಕಡಲು ಎನ್ನುತ್ತೇವೆ. ಬಹಳ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆಗಳು ಇಲ್ಲಿಗೆ ಬಂದು ಹೇಳದೆ ಕೇಳದೆ ಅಂಗಳಕ್ಕೆ ನುಗ್ಗುತ್ತವೆ. ಈಗ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯವರು ಅದಕ್ಕೂ ಮುನ್ಸೂಚನೆ ಕೊಡುತ್ತಾರೆ. ಚಂಡಮಾರುತ ನಮ್ಮ ದ್ವೀಪಕ್ಕೆ ಬರುವುದಿಲ್ಲ, ಪಕ್ಕದ ದ್ವೀಪಕ್ಕೆ ಹೋಗುತ್ತದೆ ಎಂದು ಸಮುದ್ರಸ್ನಾನಕ್ಕೆ ಇಳಿಯುವವರು ಈ ಉಬ್ಬಲೆಯನ್ನೂ ಅದರ ಸೆಳೆತವನ್ನೂ ತಿಳಿದಿರಬೇಕು. ಓಖಿ ಚಂಡಮಾರುತ ಬಂದ 2017ರ ನವೆಂಬರ್ ಕೊನೆಯಲ್ಲಿ ತಿರುವನಂತಪುರದ ಕಡೆಯ ಮೀನುಗಾರರು ಕಡಲಿಗೆ ಹೋಗಿ ಮರಳಲಿಲ್ಲ. ಅವರಿಗೆ ಕಡಲು ಗೊತ್ತಿರಲಿಲ್ಲವೇ? ಎಚ್ಚರಿಕೆ ಅವರನ್ನು ತಲುಪುವಾಗ ತಡವಾಗಿತ್ತು. ನಮ್ಮವರಿಗೆ ಅದು ಹೊಟ್ಟೆಪಾಡು, ಹೋಗದೆ ವಿಧಿಯಿಲ್ಲ. ವಿಹಾರಕ್ಕೆ ಹೋಗುವವರಿಗೆ ಆ ಒತ್ತಾಯವಿಲ್ಲ. ಆದ್ದರಿಂದ ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ನೀರ್ಚಾಲಿನ ಮಾಷ್ಟ್ರು:
ಮುಸೋಡಿಯ ಗೆಳೆಯರ ಮಾತು ಸರಿಯಾಗಿದೆ. ದ್ವೀಪದವರೇ ಕಡಲನ್ನು ಹೇಗೆ ಕಾಣುತ್ತಿದ್ದರು ಎಂಬುದಕ್ಕೆ ನಮ್ಮ ನೆರೆಯದೇ ಉದಾಹರಣೆ ಇದೆ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ನಮ್ಮ ಕಾಸರಗೋಡು ಸೇರಿದ್ದಂತೆಯೇ. ಒಂದೇ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು, ಅವು ಕೇಂದ್ರಾಡಳಿತಕ್ಕೆ ಹೋದವು. ಆ ದ್ವೀಪಗಳವರು ತೆಂಗಿನ ಹುರಿ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಮಳೆಗಾಲಕ್ಕೆ ಮೊದಲೇ ತಮ್ಮ ಓಡಗಳನ್ನು ದಡಕ್ಕೆ ಎಳೆದಿಡುತ್ತಿದ್ದರು. ಅಲ್ಲಿಂದ ಮುಂದೆ ಮನೆಯಲ್ಲಿ ಅಕ್ಕಿ ಇರಲಿ, ಇಲ್ಲದಿರಲಿ, ಪ್ರಯಾಣವಿಲ್ಲ. ಇಂದಿಗೂ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿ ಎಂಬ ಸಣ್ಣ ಸರಕು ಹಡಗುಗಳಿಗೆ ಆ ದಾರಿ ಮುಚ್ಚಿರುತ್ತದೆ.

1847ರಲ್ಲಿ ಕಲ್ಪೇನಿ, ಆಂಡ್ರೋತ್ ದ್ವೀಪಗಳಿಗೆ ಬಡಿದ ಚಂಡಮಾರುತದ ಸುದ್ದಿ ಹಳೆಯ ದಾಖಲೆಗಳಲ್ಲಿದೆ. ಕಲ್ಪೇನಿಯ ಮೂಡು ಕರೆಯಲ್ಲಿ ಹವಳದ ಕಲ್ಲುಗಳ ದೊಡ್ಡ ದಿಬ್ಬವಿದೆ. ಆ ಬಿರುಗಾಳಿ ಕಡಲಿನಿಂದ ಎತ್ತಿ ಎಸೆದದ್ದೆಂದು ಅದನ್ನು ಇವತ್ತಿಗೂ ತೋರಿಸುತ್ತಾರೆ. ನಾಲ್ಕಾಳೆತ್ತರವೂ ಇಲ್ಲದ ನೆಲದಲ್ಲಿ ಬದುಕುವವರಿಗೆ ಯಾವ ತಿಂಗಳಲ್ಲಿ ಹೊರಡಬೇಕು ಎಂಬುದು ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ.

ಬೇಕಲದಲ್ಲಿ ಹೋಂಸ್ಟೇ ನಡೆಸುವವ:
ನನ್ನ ಮಾತು ಸ್ವಲ್ಪ ಬೇರೆ. ಮುಸೋಡಿಯ ಅಣ್ಣನ ನೋವು ನನಗೆ ಅರ್ಥವಾಗುತ್ತದೆ, ಆದರೆ ಕಡಲ ಕರೆಯ ಹೊಟ್ಟೆಪಾಡಿನಲ್ಲಿ ಪ್ರವಾಸಿಗರೂ ಒಂದು ಭಾಗ. ಕೇರಳದಲ್ಲಿ ಎಲ್ಲಿಯೋ ಒಂದು ಕಡೆ ರೆಡ್ ಅಲರ್ಟ್ ಎಂದು ಟಿವಿಯಲ್ಲಿ ಬಂದರೆ, ನಮ್ಮಲ್ಲಿ ಬಿಸಿಲಿದ್ದರೂ ಮುಂದಿನ ಮೂರು ವಾರದ ಕೋಣೆಗಳು ಖಾಲಿಯಾಗುತ್ತವೆ. ಕೆಲಸಕ್ಕೆ ಬರುವ ನಾಲ್ವರು ಹೆಂಗಸರಿಗೆ ಆ ತಿಂಗಳ ಸಂಬಳ ಕೊಡಲು ನಾನು ಸಾಲ ಮಾಡಿದ್ದುಂಟು. ಕೆರಿಬಿಯನ್ ದ್ವೀಪಗಳಲ್ಲಿಯೂ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹೀಗೆಯೇ ಇರಬೇಕು. ಹೋಗಲೇಬೇಡಿ ಎಂದು ಎಲ್ಲರಿಗೂ ಹೇಳಿದರೆ ಅಲ್ಲಿನವರು ಆರು ತಿಂಗಳು ಏನು ಮಾಡಬೇಕು?

ನನ್ನ ವಿನಂತಿ ಇಷ್ಟೇ. ಹೋಗುವುದಾದರೆ ಬಿಟ್ಟುಬರಲು ಸಿದ್ಧರಾಗಿ ಹೋಗಿ. ಕೋಣೆಯವರಿಗೆ ನೇರವಾಗಿ ಫೋನ್ ಮಾಡಿ, ಜನರೇಟರ್ ಇದೆಯೇ, ಅದಕ್ಕೆ ಎಷ್ಟು ದಿನದ ಎಣ್ಣೆ ಇದೆ, ಬಾವಿಯೋ ಟ್ಯಾಂಕೋ, ಎಚ್ಚರಿಕೆ ಬಂದರೆ ಹಣ ಹಿಂದಿರುಗಿಸುತ್ತೀರೋ ಅಥವಾ ದಿನಾಂಕ ಮುಂದೂಡುತ್ತೀರೋ ಎಂದು ಕೇಳಿ. ಸರಿಯಾದವರು ಬೇಸರಿಸುವುದಿಲ್ಲ. ಖಾಲಿ ಕೋಣೆಗಿಂತ ಮುಂದೂಡಿದ ಅತಿಥಿ ನಮಗೆ ಎಷ್ಟೋ ಮೇಲು.

ಕಾಸರಗೋಡಿನ ಬ್ಯಾಂಕ್ ಉದ್ಯೋಗಿ:
ವಿಮೆಯ ಬಗ್ಗೆ ಯಾರೂ ಬರೆಯಲಿಲ್ಲ. ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಮಕ್ಕಳು ಮಾಡಿಸುವ ವಿಮೆ ಹೆಚ್ಚಾಗಿ ಆಸ್ಪತ್ರೆಯ ಖರ್ಚಿನದು. ಪ್ರವಾಸ ರದ್ದಾದರೆ ಅದು ಹಣ ಕೊಡುತ್ತದೆಂದು ತಿಳಿಯಬೇಡಿ. ಅದರಲ್ಲಿಯೂ ಮೊದಲೇ ಇದ್ದ ಕಾಯಿಲೆಗೆ ಮಿತಿ ಇರುತ್ತದೆ. ಪ್ರವಾಸ ರದ್ದತಿಯ ವಿಮೆ ಬೇರೆ, ಅದನ್ನು ಟಿಕೆಟ್ ಮಾಡಿದ ಕೂಡಲೇ ತೆಗೆದುಕೊಳ್ಳಬೇಕು. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಬಿರುಗಾಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಅದು ಆಗಲೇ ಗೊತ್ತಿರುವ ಘಟನೆ. ‘ಹೆದರಿಕೆಯಾಯಿತು, ಹೋಗಲಿಲ್ಲ’ ಎಂಬುದಕ್ಕೂ ಹಣ ಬರುವುದಿಲ್ಲ. ವಿಮಾನ ರದ್ದಾಗಿರಬೇಕು, ಅಥವಾ ಅಲ್ಲಿಂದ ಜನರನ್ನು ತೆರವುಗೊಳಿಸುವ ಆದೇಶ ಬಂದಿರಬೇಕು, ಹೀಗೆ ಪಾಲಿಸಿಯಲ್ಲಿ ಬರೆದ ಕಾರಣವೇ ಇರಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ನಮ್ಮ ಪಾಸ್‌ಪೋರ್ಟಿನವರಿಗೆ ದೊಡ್ಡದು. ಬೇರೆ ದೇಶಕ್ಕೆ ಸೇರಿದ ದ್ವೀಪವಾದರೆ, ತೆರವಿನ ವಿಮಾನ ನಿಮ್ಮನ್ನು ಯಾವ ದೇಶದಲ್ಲಿ ಇಳಿಸುತ್ತದೋ ಅಲ್ಲಿನ ವೀಸಾ ಪ್ರಶ್ನೆ ಬರುತ್ತದೆ. ಆ ದೃಷ್ಟಿಯಿಂದ ಪ್ಯೂರ್ಟೊ ರಿಕೊ ಅನುಕೂಲವೇ. ಹಾಗಿದ್ದರೂ ಪಾಸ್‌ಪೋರ್ಟನ್ನು ಅಟ್ಲಾಂಟಾದ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಉಪ್ಪಳದ ವಿದ್ಯಾರ್ಥಿ:
ಹಾಗಾದರೆ ಚಂಡಮಾರುತವೇ ಬಾರದ ದ್ವೀಪ ಇಲ್ಲವೇ? ಮಾಲ್ದೀವ್ಸ್?

ಕುಂಬಳೆಯ ನಿವೃತ್ತ ನಾವಿಕ:
ಮಾಲ್ದೀವ್ಸ್ ಸಮಭಾಜಕ ವೃತ್ತಕ್ಕೆ ಬಹಳ ಹತ್ತಿರ. ಭೂಮಿಯ ತಿರುಗುವಿಕೆಯಿಂದ ಗಾಳಿಗೆ ಸಿಗುವ ತಿರುವು ಅಲ್ಲಿ ತೀರಾ ಕಡಿಮೆಯಾದ್ದರಿಂದ ಚಂಡಮಾರುತ ಕಟ್ಟುವುದು ಅಪರೂಪ. ಆದರೆ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯೂ ಉಬ್ಬಲೆಯೂ ಇವೆ. ಮಾರಿಷಸ್ಸಿನ ಲೆಕ್ಕ ತಿರುವುಮುರುವು, ಅಲ್ಲಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ಭಯ. 2024ರ ಜನವರಿಯಲ್ಲಿ ಬೆಲಾಲ್ ಬಂದು ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದವು. ನಮ್ಮ ಕಡೆಯಿಂದ ಕ್ರಿಸ್‌ಮಸ್ ರಜೆಗೆ ಮಾರಿಷಸ್ಸಿಗೆ ಹೋಗುವವರು ಅದನ್ನು ಯೋಚಿಸುವುದೇ ಇಲ್ಲ.

ಕೆರಿಬಿಯನ್ನಿನಲ್ಲಿ ಅರೂಬಾ, ಬೊನೇರ್, ಕುರಸಾವೊ ದ್ವೀಪಗಳು ತೆಂಕು ಅಂಚಿನಲ್ಲಿ ವೆನೆಜುವೆಲಾದ ಬದಿಯಲ್ಲಿರುವುದರಿಂದ ಹೆಚ್ಚಿನ ಹರಿಕೇನ್‌ಗಳು ಅವುಗಳ ಬಡಗಿಗೆ ಸಾಗುತ್ತವೆ. ಆದರೂ ‘ಬರುವುದೇ ಇಲ್ಲ’ ಎಂಬ ಮಾತನ್ನು ನಾನು ಬರೆಯಲಾರೆ. ಹೆಚ್ಚುಕಡಿಮೆ ಅದೇ ಅಕ್ಷಾಂಶದ ಗ್ರೆನಡಾದಲ್ಲಿ 1955ರ ಜಾನೆಟ್ ಆದ ಮೇಲೆ ಸುಮಾರು ಅರ್ಧ ಶತಮಾನ ದೊಡ್ಡದು ಬರಲಿಲ್ಲ, ಮಕ್ಕಳು ಮೊಮ್ಮಕ್ಕಳಾದರು. 2004ರ ಸೆಪ್ಟೆಂಬರಿನಲ್ಲಿ ಐವನ್ ಬಂದು ಹತ್ತರಲ್ಲಿ ಒಂಬತ್ತು ಮನೆಗಳ ಮಾಡು ಕಿತ್ತಿತು.

ಮುನ್ಸೂಚನೆ ನೋಡುವ ಬಗೆಯನ್ನು ಮಗಳಿಗೆ ತಿಳಿಸಿ. ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರದವರು ಏಳು ದಿನ ಮುಂದಕ್ಕೆ ಎಲ್ಲಿ ಬಿರುಗಾಳಿ ಹುಟ್ಟಬಹುದು ಎಂಬ ನಕ್ಷೆ ಕೊಡುತ್ತಾರೆ, ಹುಟ್ಟಿದ ಮೇಲೆ ಐದು ದಿನದ ದಾರಿಯನ್ನು ಬೀಸಣಿಗೆಯಂತೆ ಅಗಲವಾಗುತ್ತ ಹೋಗುವ ಪಟ್ಟೆಯಲ್ಲಿ ತೋರಿಸುತ್ತಾರೆ. ಆ ಪಟ್ಟೆಯ 

ಅರ್ಥವನ್ನು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಅದು ಬಿರುಗಾಳಿಯ ಗಾತ್ರವಲ್ಲ. ಅದರ ಕಣ್ಣು ಸಾಗಬಹುದಾದ ಜಾಗ ಮಾತ್ರ, ಅದೂ ಮೂರರಲ್ಲಿ ಎರಡು ಸಲ. ಪಟ್ಟೆಯ ಹೊರಗಿದ್ದೇವೆಂದು ನಿಶ್ಚಿಂತರಾಗಿ ಕುಳಿತವರ ಮೇಲೂ ಗಾಳಿಮಳೆ ಬೀಳುತ್ತದೆ. ಹರಿಕೇನ್ ಬರಬಹುದೆಂಬ ಮೊದಲ ಸೂಚನೆ ಬಿರುಗಾಳಿ ಮುಟ್ಟುವ 48 ಗಂಟೆ ಮೊದಲು, ಖಚಿತ ಎಚ್ಚರಿಕೆ 36 ಗಂಟೆ ಮೊದಲು ಹೊರಡುತ್ತದೆ. ಎಚ್ಚರಿಕೆ ಬಂದ ಮೇಲೆ ಟಿಕೆಟ್ ಹುಡುಕಿದರೆ ಸಿಗುವುದಿಲ್ಲ. ಏಳು ದಿನದ ನಕ್ಷೆಯಲ್ಲಿ ಬಣ್ಣ ಕಂಡಾಗಲೇ ಹೊರಡುವ ತೀರ್ಮಾನವಾಗಬೇಕು. ನಮ್ಮೂರಿನಲ್ಲಾದರೆ ಗಾಳಿ ಹೆಚ್ಚಾದಾಗ ಕಾರು ಹತ್ತಿ ಘಟ್ಟದ ಕಡೆಗೆ ಹೋಗಬಹುದು. ದ್ವೀಪಕ್ಕೆ ಹಿಂದೆ ಘಟ್ಟವಿಲ್ಲ. ಪ್ಯೂರ್ಟೊ ರಿಕೊದ ನಡುವೆ ಬೆಟ್ಟಗಳಿವೆ ನಿಜ, ಆದರೆ ಮರಿಯಾದಲ್ಲಿ ಗುಡ್ಡ ಜರಿದು ರಸ್ತೆಗಳು ಮುಚ್ಚಿದ್ದು ಅಲ್ಲಿಯೇ.

ಅಕ್ಕ, ನಿಮಗೆ ನನ್ನ ನೇರ ಸಲಹೆ: ಜುಲೈ ಕೊನೆಗೆ ಅಟ್ಲಾಂಟಾ ತಲುಪಿದ ಕೂಡಲೇ, ಆಗಸ್ಟ್ ಮೊದಲ ವಾರದಲ್ಲಿ ಹೋಗಿಬನ್ನಿ. ಅಪಾಯ ಇಲ್ಲವೆಂದಲ್ಲ, ಆದರೆ ಆಗಸ್ಟ್ ನಡುವಿನಿಂದ ಅದು ಏರುವ ಬಗೆ ಕಡಿದಾದದ್ದು. ಆರು ದಿನದ ಪ್ರವಾಸಕ್ಕೆ ಹನ್ನೊಂದು ದಿನ ತೆಗೆದಿಡಿ. ಅಷ್ಟು ದಿನ ಬಿಡುವಿಲ್ಲದವರು ಆ ಕಾಲದಲ್ಲಿ ಹೊರಡಲೇಬಾರದು.

ಮುಸೋಡಿ ಕಡಪುರದವ:
ಹನ್ನೊಂದು ದಿನ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಕಡಲು ನಮ್ಮ ಕ್ಯಾಲೆಂಡರ್ ನೋಡಿ ಇಳಿಯುವುದಿಲ್ಲ.

ಪೆರ್ಲದ ಗೃಹಿಣಿ:
ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ. ಮಳೆ ಬಿಡದೆ ಮದ್ದು ಬಿಡುವುದು ತಡವಾಯಿತು, ಇಂದು ಮುಗಿಯಿತು. ನಾವಿಕ ಅಣ್ಣ ಬರೆದ ನಾಲ್ಕು ದಿನಾಂಕಗಳನ್ನು ಮಗಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಅಮ್ಮಾ, ನಾನು ಬಾಡಿಗೆ ಮಾತ್ರ ನೋಡಿದ್ದೆ’ ಎಂದಳು. ಸೆಪ್ಟೆಂಬರಿನ ಕೋಣೆ ಬಿಟ್ಟಿದ್ದಾಳೆ. ಆಗಸ್ಟ್ 3ಕ್ಕೆ ಹೊರಟು 8ಕ್ಕೆ ಮರಳುವ ಟಿಕೆಟ್ ಮಾಡಿ, ತಾನೂ ಅಳಿಯನೂ 14ರವರೆಗೆ ರಜೆ ಬರೆದುಕೊಟ್ಟಿದ್ದಾರೆ. ರದ್ದತಿಯ ವಿಮೆಯನ್ನು ಅದೇ ದಿನ ಮಾಡಿಸಿದ್ದಾಳೆ. ಕುಲೆಬ್ರಾ ಎಂಬ ಇನ್ನೂ ಸಣ್ಣ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಅಲ್ಲಿಯೇ ಎರಡು ರಾತ್ರಿ ತಂಗುವ ಯೋಚನೆಯನ್ನು ನಾನೇ ಬೇಡವೆಂದೆ. ದೋಣಿ ನಿಂತರೆ ಏನಾಗುತ್ತದೆ ಎಂಬುದನ್ನು ಮುಳ್ಳೇರಿಯದ ತಮ್ಮ ಹೇಳಿದ್ದಾರಲ್ಲ.

ಬೇಕಲದ ಅಣ್ಣ ಹೇಳಿದಂತೆ ಮಗಳು ಹೊಸ ಕೋಣೆಯ ಒಡತಿಗೆ ಫೋನ್ ಮಾಡಿ ಜನರೇಟರ್ ವಿಷಯ ಕೇಳಿದಳು. ಆ ಹೆಂಗಸು ನನ್ನ ಪ್ರಾಯದವರಂತೆ. 2017ರಲ್ಲಿ ತಮ್ಮ ಬೀದಿಗೆ ಐದು ತಿಂಗಳು ಕರೆಂಟ್ ಇರಲಿಲ್ಲ, ಅದರ ಮರುವರ್ಷವೇ ಮಾಡಿನ ಮೇಲೆ ಸೋಲಾರ್ ಹಲಗೆ ಹಾಕಿಸಿ ಬ್ಯಾಟರಿ ಇಟ್ಟಿದ್ದೇವೆ, ದೀಪ ಆರಿದರೂ ಫ್ರಿಜ್ ನಿಲ್ಲುವುದಿಲ್ಲ ಎಂದರಂತೆ. ನಿಮ್ಮ ತಂದೆಯ ಇನ್ಸುಲಿನ್‌ಗೆ ಮೇಲಿನ ತಟ್ಟೆ ಖಾಲಿ ಮಾಡಿಡುತ್ತೇನೆ ಎಂದೂ ಹೇಳಿದರಂತೆ. ಇವರು ಅದನ್ನು ಕೇಳಿ, ಅವರಿಗೆ ಕೊಡಲು ನಮ್ಮ ತೋಟದ ಕರಿಮೆಣಸು ಅರ್ಧ ಕಿಲೋ ಆರಿಸಿ ಒಣಗಿಸುತ್ತಿದ್ದಾರೆ. ಈ ಮಳೆಯಲ್ಲಿ ಬಿಸಿಲಿಲ್ಲದ್ದರಿಂದ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದ್ದೇವೆ. ಕರಿಮೆಣಸನ್ನು ಅಮೆರಿಕಕ್ಕೆ ಒಯ್ಯುವಾಗ ಪೊಟ್ಟಣ ಹೇಗೆ ಕಟ್ಟಬೇಕು ಎಂದು ಮಸ್ಕತ್ತಿನ ತಂಗಿಗೆ ಗೊತ್ತಿದ್ದರೆ ತಿಳಿಸಬೇಕು.